ಬಾನೆಟ್ ಅಡಿಯ ಪ್ಲಾಸ್ಟಿಕ್: ಬಿಚ್ಚಿದ್ದನ್ನು ಮರಳಿ ಹಾಕದ ಕಥೆ

ಏಳೆಂಟು ವರ್ಷ ಓಡಿದ ಯಾವುದಾದರೂ ಕಾರಿನ ಬಾನೆಟ್ ಎತ್ತಿ, ವೈರುಗಳ ಮೇಲೆ ಹೊದಿಸಿರುವ ಸುಕ್ಕುಸುಕ್ಕಾದ ಕಪ್ಪು ಕೊಳವೆಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿದರೆ, ಬಾಗಬೇಕಾದದ್ದು ಬಾಗದೆ ಒಣ ತರಗೆಲೆಯ ಹಾಗೆ ಪುಡಿಯಾಗಿ ಕೈಗೆ ಬರುವುದುಂಟು. ಅದರ ಪಕ್ಕದ ಕ್ಲಿಪ್ಪು ಬಿಚ್ಚಲು ಹೋದರೆ ಮುರಿಯುತ್ತದೆ, ವಿಂಡ್‌ಶೀಲ್ಡಿನ ಬುಡದಲ್ಲಿರುವ ವೈಪರ್ ಹೊದಿಕೆ ಅಲೆಯಲೆಯಾಗಿ ಸೊಟ್ಟಗಾಗಿರುತ್ತದೆ. ಇದು ಏಕೆ ಹೀಗಾಯಿತು ಎಂದು ಬೆಂಗಳೂರಿನ ನಾಲ್ಕು ಗ್ಯಾರೇಜುಗಳಲ್ಲಿ ಕೇಳಿದರೆ ನಾಲ್ಕು ಉತ್ತರ ಸಿಗುತ್ತದೆ. ಈಗಿನ ಗಾಡಿಗಳಲ್ಲಿ ಹಾಕುವ ಪ್ಲಾಸ್ಟಿಕ್ಕೇ ಸರಿಯಿಲ್ಲ ಎಂದು ಒಬ್ಬರು, ಎಂಜಿನ್ ತಣಿಸುವ ದ್ರವವಾದ ಕೂಲಂಟ್ ಬದಲಿಸಿಲ್ಲ ಎಂದು ಇನ್ನೊಬ್ಬರು, ಟ್ರಾಫಿಕ್ಕಿನ ಮಹಿಮೆ ಎಂದು ಮತ್ತೊಬ್ಬರು, ಟರ್ಬೊ ಗಾಡಿ ಕೊಂಡರೆ ಹೀಗೆಯೇ ಎಂದು ನಾಲ್ಕನೆಯವರು. ಎಲ್ಲವೂ ಒಂದಿಷ್ಟು ನಿಜ. ಆದರೆ ಅವು ಯಾವ ಕ್ರಮದಲ್ಲಿ ಒಂದರ ಮೇಲೊಂದು ಬಂದು ಕೂತವು ಎಂಬುದು ತಿಳಿಯದೆ, ಏನನ್ನು ತಡೆಯಬೇಕೆಂಬುದೂ ತಿಳಿಯುವುದಿಲ್ಲ.

ಪ್ಲಾಸ್ಟಿಕ್ ಬಾನೆಟ್ ಅಡಿಗೆ ಬಂದದ್ದು ಹಂತಹಂತವಾಗಿ. 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಕಂಡುಹಿಡಿದ ಬೇಕಲೈಟ್ ಎಂಬ ಪ್ಲಾಸ್ಟಿಕ್, ಸ್ಪಾರ್ಕ್ ಪ್ಲಗ್ಗುಗಳಿಗೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳವಾಗಿ ಎಂಜಿನ್ನಿನ ಬಳಿ ಬಂತು, 1935ರಲ್ಲಿ ಡ್ಯುಪಾಂಟ್ ಕಂಪನಿಯ ವ್ಯಾಲೇಸ್ ಕರೋಥರ್ಸ್ ನೈಲಾನ್ 66 ತಯಾರಿಸಿದರು, 1970ರ ದಶಕದಲ್ಲಿ ಯುರೋಪಿನ ಕಾರುಗಳು ಅಲ್ಯೂಮಿನಿಯಂ ಜಾಲರಿಗೆ ಪ್ಲಾಸ್ಟಿಕ್ ತೊಟ್ಟಿ ಕೂಡಿಸಿದ ರೇಡಿಯೇಟರನ್ನು ತಂದವು, 1990ರ ದಶಕದ ಹೊತ್ತಿಗೆ ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಕೂಡ ನೈಲಾನಿನದಾಯಿತು.

ನಮ್ಮಲ್ಲಿ ಇದು ತಡವಾಗಿ ಬಂತು. 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಿಡರಿನ ಬಾನೆಟ್ ಎತ್ತಿದವರಿಗೆ ಎಂಜಿನ್ನಿನ ಪಕ್ಕದಲ್ಲಿ ನೆಲ ಕಾಣುವಷ್ಟು ಖಾಲಿ ಜಾಗವಿದ್ದದ್ದು ನೆನಪಿರಬಹುದು. ಶಾಖಕ್ಕೆ ಹೊರಹೋಗಲು ದಾರಿಯಿತ್ತು, ಅದು ತಾಗುವ ವಸ್ತುಗಳು ಬಹುಪಾಲು ಕಬ್ಬಿಣ, ಹಿತ್ತಾಳೆ ಮತ್ತು ರಬ್ಬರು. ಘಾಟಿ ಹತ್ತುವಾಗ ರೇಡಿಯೇಟರ್ ಕುದಿದರೆ ಗಾಡಿ ನಿಲ್ಲಿಸಿ, ಬಟ್ಟೆ ಹಿಡಿದು ಮುಚ್ಚಳ ತೆಗೆದು, ಸಿಕ್ಕಿದ ನೀರು ಸುರಿದು ಮುಂದೆ ಹೋಗುತ್ತಿದ್ದರು. ಸೋರಿದರೆ ಬೆಸುಗೆ ಹಾಕುವ ಅಂಗಡಿಗಳಿದ್ದವು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಎಂಜಿನ್ನನ್ನು ಅಡ್ಡವಾಗಿ ಕೂರಿಸಿಕೊಂಡು ಮುಂದಿನ ಚಕ್ರಗಳನ್ನೇ ಓಡಿಸುವ ಪುಟ್ಟ ಮೂತಿಯ ಕಾರು. ಆಗಲೇ ಜಾಗ ಅರ್ಧವಾಯಿತು. 2006ರ ಕೇಂದ್ರ ಬಜೆಟ್ಟು ನಾಲ್ಕು ಮೀಟರಿಗಿಂತ ಕಡಿಮೆ ಉದ್ದದ, ಸಣ್ಣ ಎಂಜಿನ್ನಿನ ಕಾರುಗಳಿಗೆ ಅಬಕಾರಿ ಸುಂಕ ಇಳಿಸಿದ ಮೇಲೆ ಆ ಅಳತೆಯೇ ಒಂದು ಗೆರೆಯಾಗಿ ಉಳಿಯಿತು. ಒಳಗೆ ಕೂರುವವರಿಗೆ ಜಾಗ ಬೇಕು, ಡಿಕ್ಕಿಯೂ ಬೇಕು, ಹೊರಗಿನ ಉದ್ದ ಹೆಚ್ಚಬಾರದು ಎಂದಾಗ ಕುಗ್ಗುವುದು ಮೂತಿಯೇ. ಅದೇ ಮೂತಿಯೊಳಗೆ ಮುಂದೆ, ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಬಂತು, ಎಸಿಯ ಕೊಳವೆಗಳು ಬಂದವು, 2020ರ ಏಪ್ರಿಲ್ 1ರಂದು ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಗೆ ಬಂದಾಗ ಬೇಗ ಬಿಸಿಯಾಗಲೆಂದು ಹೊಗೆ ಶುದ್ಧಿಯ ಸಾಧನಗಳು ಎಂಜಿನ್ನಿಗೆ ಇನ್ನಷ್ಟು ಹತ್ತಿರ ಸರಿದವು. ಡೀಸೆಲ್ ಕಾರಿನ ಮಸಿ ಸೋಸುವ ಫಿಲ್ಟರ್ ತನ್ನೊಳಗಿನ ಮಸಿಯನ್ನು ಸುಟ್ಟುಕೊಳ್ಳುವಾಗ 600 ಡಿಗ್ರಿ ಸೆಲ್ಸಿಯಸ್ ಆಸುಪಾಸು ಮುಟ್ಟುತ್ತದೆ. ಅದರಿಂದ ಒಂದೆರಡು ಗೇಣು ದೂರದಲ್ಲಿ ಪ್ಲಾಸ್ಟಿಕ್ ಇರುತ್ತದೆ.

ಇಲ್ಲಿ ಬಹಳ ಜನ ತಪ್ಪಾಗಿ ತಿಳಿಯುವ ಒಂದು ಸಂಗತಿಯಿದೆ. ಬಾನೆಟ್ ಅಡಿಯ ಪ್ಲಾಸ್ಟಿಕ್ ಸಾಮಾನ್ಯವಾಗಿ ಕರಗಿ ಹಾಳಾಗುವುದಿಲ್ಲ. ನೈಲಾನ್ 66 ಕರಗುವುದು 260 ಡಿಗ್ರಿಯ ಸುಮಾರಿಗೆ, ಬ್ಯಾಟರಿ ಪೆಟ್ಟಿಗೆ, ಫ್ಯಾನಿನ ಚೌಕಟ್ಟುಗಳಲ್ಲಿ ಬಳಸುವ ಪಾಲಿಪ್ರೊಪಿಲೀನ್ 160ರ ಮೇಲೆ. ಓಡುವ ಕಾರಿನ ಬಾನೆಟ್ ಅಡಿಯ ಗಾಳಿ ಅಲ್ಲಿಯವರೆಗೆ ಬಿಸಿಯಾಗುವುದಿಲ್ಲ. ಅದು ಹಾಳಾಗುವುದು ಮುಪ್ಪಿನಿಂದ: ಬಿಸಿಯಲ್ಲಿ ಗಾಳಿಯ ಆಮ್ಲಜನಕ ಅದರ ಉದ್ದುದ್ದ ಅಣುಸರಪಳಿಗಳನ್ನು ತುಂಡರಿಸುತ್ತ ಹೋಗುತ್ತದೆ, ಕೂಲಂಟ್ ಹರಿಯುವ ನೈಲಾನ್ ಭಾಗಗಳಲ್ಲಿ ಬಿಸಿನೀರೂ ಅದೇ ಕೆಲಸ ಮಾಡುತ್ತದೆ. ತಾಪ ಹತ್ತು ಡಿಗ್ರಿ ಏರಿದರೆ ಈ ಸವೆತದ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ರಸಾಯನಶಾಸ್ತ್ರದ ಕೈಲೆಕ್ಕ. ಮುಪ್ಪಾದ ಭಾಗವನ್ನು ಕೈಯಲ್ಲಿ ಹಿಡಿದು ನೋಡಿದರೆ ಗುರುತು ಸಿಗುತ್ತದೆ. ಕಪ್ಪು ಹೊಳಪು ಹೋಗಿ ಬೂದಿಬಣ್ಣವಾಗಿರುತ್ತದೆ, ಬಲಕ್ಕಾಗಿ ಬೆರೆಸಿದ ಗಾಜಿನ ಎಳೆಗಳು ಬಿಳಿ ರೋಮದಂತೆ ಮೇಲೆದ್ದಿರುತ್ತವೆ. ಒಳಮೈಯಲ್ಲಿ ‘ಪಿಎ66-ಜಿಎಫ್30’ ಎಂಬ ಅಚ್ಚಿರುತ್ತದೆ, ಅಂದರೆ ಶೇ. 30ರಷ್ಟು ಗಾಜಿನ ಎಳೆ ಸೇರಿಸಿದ ನೈಲಾನ್ 66. ಶಾಖ ತಡೆಯಲೆಂದು ಇದಕ್ಕೆ ತಾಮ್ರದ ಲವಣಗಳನ್ನು ಅಲ್ಪ ಪ್ರಮಾಣದಲ್ಲಿ ಬೆರೆಸುವುದುಂಟು. ಅದು ಇದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ, ಡೂಪ್ಲಿಕೇಟ್ ಮಾಲಿನ ತೊಡಕು ಇರುವುದು ಅಲ್ಲಿಯೇ.

ಮುಪ್ಪು ಎಂದ ಮೇಲೆ ಎಷ್ಟು ಬಿಸಿ ಎನ್ನುವಷ್ಟೇ ಎಷ್ಟು ಹೊತ್ತು ಎಂಬುದೂ ಮುಖ್ಯ. ಬೆಂಗಳೂರಿನ ಪಾತ್ರ ಶುರುವಾಗುವುದು ಇಲ್ಲಿ. 2022ರ ಟಾಮ್‌ಟಾಮ್ ಸಂಚಾರ ಸೂಚ್ಯಂಕದ ಪ್ರಕಾರ ನಗರದ ಕೇಂದ್ರಭಾಗದಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡು ಹಿಡಿಯುತ್ತಿತ್ತು. ಆ ವೇಗದಲ್ಲಿ 10,000 ಕಿ.ಮೀ. ಓಡುವ ಹೊತ್ತಿಗೆ ಎಂಜಿನ್ ಹೆಚ್ಚುಕಡಿಮೆ ಐನೂರು ಗಂಟೆ ಉರಿದಿರುತ್ತದೆ, ಹೆದ್ದಾರಿಯಲ್ಲಿ ಗಂಟೆಗೆ 60ರಂತೆ ಹೋಗುವ ಕಾರು ಅಷ್ಟೇ ದೂರಕ್ಕೆ ನೂರೆಪ್ಪತ್ತು ಗಂಟೆಯೂ ಉರಿದಿರುವುದಿಲ್ಲ. ಟ್ರ್ಯಾಕ್ಟರಿಗೂ ಜನರೇಟರಿಗೂ ಗಂಟೆ ಲೆಕ್ಕದ ಮೀಟರು ಇದೆ, ಸರ್ವಿಸನ್ನೂ ಅದರ ಮೇಲೆಯೇ ಮಾಡಿಸುತ್ತಾರೆ. ಕಾರಿನ ಸರ್ವಿಸ್ ಪುಸ್ತಕ ಮಾತ್ರ ಕಿಲೋಮೀಟರು ಮತ್ತು ತಿಂಗಳುಗಳನ್ನಷ್ಟೇ ಕೇಳುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತು ಕಳೆದ ಸಂಜೆಗಳಿಗೆ ಅದರಲ್ಲಿ ಕಾಲಂ ಇಲ್ಲ.

ನಿಂತ ಕಾರಿಗೆ ಎದುರುಗಾಳಿಯೂ ಇರುವುದಿಲ್ಲ, ಇರುವುದು ಫ್ಯಾನ್ ಎಳೆಯುವ ಗಾಳಿ ಮಾತ್ರ. ಎಂಜಿನ್ ಆರಿಸಿದ ಮೇಲಿನ ಹೊತ್ತು ಇನ್ನೂ ಕೆಟ್ಟದ್ದು. ಎಂಜಿನ್ನಿನ ಬೆಲ್ಟಿನಿಂದ ಓಡುವ ನೀರಿನ ಪಂಪು ನಿಲ್ಲುತ್ತದೆ, ಕಾದ ಲೋಹದ ಶಾಖ ಮೇಲೆದ್ದು ಬಾನೆಟ್ಟಿಗೆ ಬಡಿಯುತ್ತದೆ, ಮೊದಲ ಹತ್ತು ಹದಿನೈದು ನಿಮಿಷ ಮೇಲ್ಭಾಗದ ಪ್ಲಾಸ್ಟಿಕ್ ಓಡುವಾಗ ಇದ್ದುದಕ್ಕಿಂತ ಹೆಚ್ಚು ಕಾಯುತ್ತದೆ. ಕೀಲಿ ತೆಗೆದ ಮೇಲೂ ಫ್ಯಾನ್ ತಿರುಗುತ್ತಿದ್ದರೆ ಅದು ಕೆಟ್ಟಿದೆ ಎಂದು ಗಾಬರಿಯಾಗಿ ಬ್ಯಾಟರಿ ತಂತಿ ಕೀಳುವವರಿದ್ದಾರೆ. ಅದು ಈ ಶಾಖವನ್ನು ಇಳಿಸಲೆಂದೇ ತಿರುಗುತ್ತಿರುತ್ತದೆ.

ಹಾಗಾದರೆ ಕಾರು ರೂಪಿಸಿದವರಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದಕ್ಕಾಗಿಯೇ ಬಾನೆಟ್ ಅಡಿಯಲ್ಲಿ ಯಾರೂ ಹೆಸರಿಟ್ಟು ಕರೆಯದ ಹಲವು ವಸ್ತುಗಳಿವೆ. ಸೈಲೆನ್ಸರಿನ ಬುಡಕ್ಕೆ ಕಟ್ಟಿದ ತೆಳು ತಗಡು, ಅಂದರೆ ಹೀಟ್ ಶೀಲ್ಡ್. ರೇಡಿಯೇಟರಿನ ಅಂಚಿಗೆ ಅಂಟಿಸಿದ ಸ್ಪಂಜಿನ ಪಟ್ಟಿ. ಎಂಜಿನ್ನಿನ ಕೆಳಗಿನ ಹೊದಿಕೆ. ಬಾನೆಟ್ಟಿನ ಒಳಮೈಯ ಗಾದಿ. ನನ್ನ ತಿಳುವಳಿಕೆಯಲ್ಲಿ ಈ ನಗರದ ಕಾರುಗಳ ಕಥೆ ಕೆಟ್ಟದ್ದು ಪ್ಲಾಸ್ಟಿಕ್ಕಿನಿಂದ ಅಷ್ಟಲ್ಲ, ಈ ಅನಾಮಿಕ ವಸ್ತುಗಳು ಒಂದೊಂದಾಗಿ ಕಳಚಿಹೋದದ್ದರಿಂದ.

ತಗಡಿನ ಕಥೆ ನೋಡೋಣ. ಕೆಂಪಗೆ ಕಾಯುವ ಲೋಹ ಶಾಖವನ್ನು ಹೆಚ್ಚಾಗಿ ಕಿರಣರೂಪದಲ್ಲಿ ಸೂಸುತ್ತದೆ, ಹೊಳೆಯುವ ತಗಡೊಂದು ನಡುವೆ ಸ್ವಲ್ಪ ಗಾಳಿ ಬಿಟ್ಟು ನಿಂತರೆ ಅದರ ದೊಡ್ಡ ಪಾಲು ಹಿಂದಿರುಗುತ್ತದೆ. ಆದರೆ ಐದಾರು ವರ್ಷದಲ್ಲಿ ಅದರ ಬೋಲ್ಟು ತುಕ್ಕು ಹಿಡಿದು, ತಗಡು ಸಡಿಲಾಗಿ ಕರಕರ ಎನ್ನತೊಡಗುತ್ತದೆ. ಮಾಲೀಕರು ಶಬ್ದ ಬರುತ್ತಿದೆ ಎಂದು ದೂರುತ್ತಾರೆ. ತುಕ್ಕು ಹಿಡಿದ ಬೋಲ್ಟನ್ನು ಮತ್ತೆ ಕೂರಿಸುವುದು ಒಂದು ತಾಸಿನ ಕೆಲಸ, ತಗಡನ್ನೇ ಕಿತ್ತೆಸೆಯುವುದು ಎರಡು ನಿಮಿಷದ್ದು. ಶಬ್ದ ನಿಲ್ಲುತ್ತದೆ, ಎಲ್ಲರಿಗೂ ಸಮಾಧಾನ. ಸ್ಪಂಜಿನ ಪಟ್ಟಿಯದೂ ಹೀಗೆಯೇ. ಮುಂದಿನ ಗಾಡಿಗೆ ತಾಗಿ ಬಂಪರ್ ಟಿಂಕರಿಂಗಿಗೆ ಹೋಗಿ ಬಂದಾಗ ಬಣ್ಣ ಹೊಳೆಯುತ್ತಿರುತ್ತದೆ, ಪಟ್ಟಿ ಮಾತ್ರ ಇರುವುದಿಲ್ಲ. ಅದಿಲ್ಲದೆ ಹೋದರೆ ಫ್ಯಾನ್ ಹಿಂದಕ್ಕೆ ತಳ್ಳಿದ ಬಿಸಿಗಾಳಿಯೇ ಸಂದಿಯಿಂದ ಸುತ್ತಿ ಬಂದು ಮತ್ತೆ ರೇಡಿಯೇಟರನ್ನು ಹೊಗುತ್ತದೆ. ಗಾದಿಯ ವಿಷಯದಲ್ಲಿ ಇಲಿಗಳ ಪಾಲೂ ಇದೆ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಬೆಚ್ಚಗಿನ ಎಂಜಿನ್ನಿನ ಮೇಲೆ ಗೂಡು ಕಟ್ಟಲು ಅವಕ್ಕೆ ಅದಕ್ಕಿಂತ ಒಳ್ಳೆಯ ಹತ್ತಿ ಬೇಕಿಲ್ಲ. ಹರಿದದ್ದನ್ನು ಕಿತ್ತು ಬಿಸಾಡುತ್ತಾರೆ, ಹೊಸದನ್ನು ಹಾಕಿಸುವವರು ಕಡಿಮೆ.

ಕೆಳಗಿನ ಹೊದಿಕೆಯ ಬಗ್ಗೆ ನಾನು ಸ್ವಂತ ಖರ್ಚಿನಲ್ಲಿ ಕಲಿತಿದ್ದೇನೆ. ಆಯಿಲ್ ಬದಲಿಸಲು ಅದನ್ನು ಬಿಚ್ಚಲೇಬೇಕು. ನನ್ನ ಹನ್ನೊಂದು ವರ್ಷದ ಕಾರು ಒಂದು ಸರ್ವಿಸಿನಿಂದ ಮರಳಿದಾಗ ಅದು ಹೋಗಿತ್ತು, ನಾನು ಬಗ್ಗಿ ನೋಡಲಿಲ್ಲ. ಮುಂದಿನ ಮಳೆಗಾಲದಲ್ಲಿ ಹೆಬ್ಬಾಳದ ಮೇಲ್ಸೇತುವೆ ಹತ್ತುವಾಗ ತಾಪದ ಮುಳ್ಳು ಏರಿ, ಸಿಹಿವಾಸನೆಯ ಆವಿ ಎದ್ದಿತು. ಎಂಜಿನ್ನಿನ ತಲೆಯಿಂದ ಕೂಲಂಟ್ ಹೊರಬರುವ ಪ್ಲಾಸ್ಟಿಕ್ ಮೂತಿ ಕ್ಲ್ಯಾಂಪಿನ ಕೆಳಗೆ ಸೀಳಿತ್ತು. ಸೀಳಿನ ಸುತ್ತ ಹಳೆಯ ಸೋರಿಕೆಯ ಹಸಿರು ಹೆಪ್ಪು ಹಾಲಿನ ಕೆನೆಯಂತೆ ಗಟ್ಟಿಯಾಗಿತ್ತು. ತಿಂಗಳುಗಳಿಂದ ಅದು ಹೇಳುತ್ತಿದ್ದದ್ದನ್ನು ನಾನು ಕೇಳಿಸಿಕೊಂಡಿರಲಿಲ್ಲ. ಮುಪ್ಪಾಗಿದ್ದ ನೈಲಾನಿನ ಮೇಲೆ ಕೆಳಗಿನಿಂದ ಎರಚುತ್ತಿದ್ದ ಕೆಸರುನೀರು, ಕಾಯುವುದು ತಣಿಯುವುದು ಮತ್ತೆ ಕಾಯುವುದು, ಇವು ಸೀಳನ್ನು ಬೇಗ ತಂದಿರಬಹುದು ಎಂದು ಮೆಕ್ಯಾನಿಕ್ ಹೇಳಿದರು. ಆ ಮೂತಿ ಹೇಗೂ ಹೋಗುವುದಿತ್ತು ಎಂದೂ ಅವರೇ ಹೇಳಿದರು.

ನೀರಿನ ಮಾತಿಗೆ ಬಂದರೆ, ಸಮುದ್ರಮಟ್ಟದಿಂದ 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳದ ಸ್ಪ್ರಿಂಗು ಒತ್ತಡ ಹಿಡಿದಿಟ್ಟು ಆ ಮಿತಿಯನ್ನು 115-120ರ ಆಸುಪಾಸಿಗೆ ಏರಿಸುತ್ತದೆ, ಕೂಲಂಟಿನಲ್ಲಿರುವ ಗ್ಲೈಕಾಲ್ ಬೆರೆತರೆ ಇನ್ನೂ ಸ್ವಲ್ಪ ಮೇಲೆ. ಮುಚ್ಚಳದ ರಬ್ಬರು ಸವೆದರೆ ಈ ಲೆಕ್ಕವೆಲ್ಲ ಬಿದ್ದುಹೋಗುತ್ತದೆ. ಬೋರ್‌ವೆಲ್ ನೀರನ್ನು ರೇಡಿಯೇಟರಿಗೆ ಸುರಿಯುವ ಅಭ್ಯಾಸ ಅಂಬಾಸಿಡರ್ ಕಾಲದಿಂದ ಉಳಿದದ್ದು. ಈ ಊರಿನ ಗಡಸು ನೀರು ಗೀಸರಿನ ಕಾಯಿಲಿನ ಮೇಲೆ ಕಟ್ಟುವ ಬಿಳಿ ಸುಣ್ಣವನ್ನೇ ಅಲ್ಯೂಮಿನಿಯಂ ಕೊಳವೆಗಳ ಒಳಗೂ ಕಟ್ಟುತ್ತದೆ. ದಾರಿ ಕಿರಿದಾಗುತ್ತದೆ, ತಾಪ ಏರುತ್ತದೆ, ಮೇಲೆ ಹೇಳಿದ ಹತ್ತು ಡಿಗ್ರಿಯ ಕೈಲೆಕ್ಕ ಶುರುವಾಗುತ್ತದೆ. ಕಂಪನಿ ಹೇಳಿದ ಬಗೆಯ ಕೂಲಂಟನ್ನು ಡಿಸ್ಟಿಲ್ಡ್ ನೀರಿನೊಂದಿಗೆ, ಸಾಮಾನ್ಯವಾಗಿ ಅರ್ಧಕ್ಕರ್ಧ, ಬೆರೆಸಿ ಹಾಕುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ವಾಟರ್ ಸರ್ವಿಸಿನಲ್ಲಿ ಎಂಜಿನ್ನಿಗೆ ಹೊಳಪು ಬರಲೆಂದು ಡೀಸೆಲ್ ಅಥವಾ ಸೀಮೆಎಣ್ಣೆ ಸಿಂಪಡಿಸುವುದೂ ಹಳೆಯ ರೂಢಿ. ಆ ಎಣ್ಣೆ ಕೂಲಂಟ್ ಪೈಪಿನ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಬಿಸಿ ಎಂಜಿನ್ನಿನ ಮೇಲೆ ತಣ್ಣೀರಿನ ರಭಸವಂತೂ ಬೇಡವೇ ಬೇಡ. ಬಾನೆಟ್ಟಿನ ಮೇಲೆ ಅಲಂಕಾರಕ್ಕೆಂದು ಅಂಟಿಸುವ ಗಾಳಿಮೂತಿಗಳು ಹಲವು ಎಬಿಎಸ್ ಎಂಬ ಬಗೆಯ ಪ್ಲಾಸ್ಟಿಕ್ಕಿನವು. ಅದು 100 ಡಿಗ್ರಿ ದಾಟುತ್ತಿದ್ದಂತೆ ಮೆದುವಾಗುತ್ತದೆ. ಗಾದಿ ಕಿತ್ತ ಬಾನೆಟ್ಟು, ಕಪ್ಪು ಬಣ್ಣ, ನಗರದಲ್ಲಿ 39.2 ಡಿಗ್ರಿ ದಾಖಲಾದ 2016ರ ಏಪ್ರಿಲ್ಲಿನಂಥ ಬಿಸಿಲು ಕೂಡಿಬಂದರೆ ಅದರ ಅಂಚು ಏಳಲು ಹೆಚ್ಚು ಕಾಲ ಬೇಕಿಲ್ಲ.

ತಡೆಯುವ ಕೆಲಸ ಹಾಗಾಗಿ ಹೊಸದೇನನ್ನೋ ಕೊಂಡು ತರುವುದಕ್ಕಿಂತ, ಇರಬೇಕಾದದ್ದು ಇದೆಯೇ ಎಂದು ನೋಡುವುದರಿಂದ ಆರಂಭವಾಗಬೇಕು. ತಗಡು ಹೋಗಿದ್ದರೆ ಹಾಕಿಸುವುದು, ಆಗದಿದ್ದರೆ ಹತ್ತಿರದ ವೈರುಗಳಿಗೆ ಅಲ್ಯೂಮಿನಿಯಂ ಮೈಯ ಗಾಜುನಾರಿನ ಕವಚ ತೊಡಿಸುವುದು. ಅದನ್ನು ಬಿಸಿಭಾಗಕ್ಕೆ ತಾಗಿಸದೆ ಬೆರಳಷ್ಟು ಸಂದಿ ಬಿಡಬೇಕು, ಧೂಳು ಕೂತರೆ ಒರೆಸಬೇಕು, ಮಸುಕಾದ ತಗಡು ಶಾಖವನ್ನು ಅಷ್ಟಾಗಿ ಹಿಂದಿರುಗಿಸದು. ಎಸಿ ಹಾಕಿದ ಕೂಡಲೇ ಫ್ಯಾನ್ ತಿರುಗುತ್ತದೆಯೇ ಎಂದು ನೋಡುವುದು. ಟರ್ಬೊ ಕಾರನ್ನು ರಭಸದಿಂದ ಓಡಿಸಿ ಬಂದಿದ್ದರೆ ಒಂದು ನಿಮಿಷ ಸುಮ್ಮನೆ ಉರಿಯಲು ಬಿಟ್ಟು ಆರಿಸುವುದು. ಕೂಲಂಟ್ ಹರಿಯುವ ಪ್ಲಾಸ್ಟಿಕ್ ಮೂತಿಗಳನ್ನು, ಹತ್ತು ವರ್ಷ ಸಮೀಪಿಸಿದ ನಗರದ ಕಾರಿನಲ್ಲಿ, ಸೀಳುವವರೆಗೆ ಕಾಯದೆ ಪೈಪುಗಳ ಜೊತೆಗೇ ಬದಲಿಸುವುದು.

ನನ್ನ ಕಾರಿನ ಕೆಳಗಿನ ಹೊದಿಕೆಗಾಗಿ ಜೆ.ಸಿ. ರಸ್ತೆಯಲ್ಲಿ ಮೂರು ಅಂಗಡಿ ಹತ್ತಿಳಿದೆ. ಹೊದಿಕೆ ಎರಡನೆಯದರಲ್ಲೇ ಸಿಕ್ಕಿತು. ಅದನ್ನು ಹಿಡಿದಿಡುವ ಕ್ಲಿಪ್ಪುಗಳನ್ನು ಬಿಡಿಯಾಗಿ ಕೇಳುವವರು ಅಪರೂಪವೆಂದು ಮೂರನೆಯ ಅಂಗಡಿಯವರು ಒಳಗೆ ಹೋಗಿ, ಹಳೆಯ ಬಿಸ್ಕತ್ತಿನ ಡಬ್ಬಿಯೊಂದನ್ನು ಕೌಂಟರಿನ ಮೇಲೆ ಬೋರಲು ಹಾಕಿ, ಒಂಬತ್ತನ್ನು ಆರಿಸಿ ಎಣಿಸಿ ಕೊಟ್ಟರು.