ಕಟ್ಟದ ನೀರು ಇರುವುದು ಗುಡ್ಡದಲ್ಲಿ

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಒಂದು ಎಕರೆ ತೋಟದ ಪಾಲಿಗೆ ಬರುವುದನ್ನು ಲೆಕ್ಕ ಹಾಕಿದರೆ 1 ಕೋಟಿ 40 ಲಕ್ಷ ಲೀಟರ್! ಇಷ್ಟು ಸುರಿದ ಊರಲ್ಲೇ ಮಾರ್ಚ್ ಬಂತೆಂದರೆ ಅಡಿಕೆ ಸೋಗೆ ಬಾಡುತ್ತದೆ, ಕೊಳವೆಬಾವಿ ಕೊರೆಯುವ ಲಾರಿ ಗುಡ್ಡ ಹತ್ತುತ್ತದೆ.

ಮುಖ್ಯ ಕಾರಣ ಕಾಲಡಿಯ ಮುರಕಲ್ಲು. ತೂತು ತೂತಾದ ಕಲ್ಲು ಅದು. ಮಳೆ ನೀರನ್ನು ಬೇಗ ಕುಡಿಯುತ್ತದೆ, ಅಷ್ಟೇ ಬೇಗ ಬಿಟ್ಟೂ ಬಿಡುತ್ತದೆ. ಅದರ ಕೆಳಗೆ ಜೇಡಿಮಣ್ಣಿನ ಪದರ ಇರುವುದರಿಂದ ನೀರು ಪೂರ್ತಿ ಆಳಕ್ಕೆ ಇಳಿಯುವುದಿಲ್ಲ. ಇಳಿಜಾರು ಹಿಡಿದು ಅಡ್ಡಕ್ಕೆ ಜಾರಿ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಬರುತ್ತದೆ. ತೋಡಿನಿಂದ ಹೊಳೆ, ಹೊಳೆಯಿಂದ ಸಮುದ್ರ. ಸಮುದ್ರವೇನು ದೂರವೇ? ನವೆಂಬರ್‌ನಲ್ಲಿ ಮಳೆ ನಿಂತ ಮೇಲೂ ತೋಡು ಹರಿಯುತ್ತದಲ್ಲ, ಅದು ಗುಡ್ಡದಿಂದ ಬಸಿಯುತ್ತಿರುವ ನೀರು.

ಇದಕ್ಕೆ ಈ ಸೀಮೆಯ ರೈತರ ಹಳೇ ಉಪಾಯ ಕಟ್ಟ. ಮಳೆ ಮುಗಿದು ತೋಡಿನ ಹರಿವು ತಗ್ಗಿದ ಮೇಲೆ ಅಡ್ಡಲಾಗಿ ಹಾಕುವ ತಾತ್ಕಾಲಿಕ ಗೋಡೆ. ಕುಂಬ್ಡಾಜೆ ಪಂಚಾಯತಿನ ಏತಡ್ಕದಲ್ಲಿ ತೋಡಿನುದ್ದಕ್ಕೂ ಸಾಲಾಗಿ ಕಟ್ಟ ಹಾಕುವುದು ತಲೆಮಾರುಗಳಿಂದ ನಡೆದುಬಂದಿದೆ. ಎಣ್ಮಕಜೆಯ ಪಡ್ರೆಯ ಹೆಸರು ಹೊರಗಿನವರಿಗೆ ಗೊತ್ತಾದದ್ದು ಎಂಡೋಸಲ್ಫಾನ್ ಕೀಟನಾಶಕದ ದುರಂತದಿಂದ. ಅಲ್ಲೂ ಊರವರು ಸೇರಿ ಕಟ್ಟಗಳಿಗೆ ಮರುಜೀವ ಕೊಡುವ ಕೆಲಸಕ್ಕೆ ಇಳಿದಿದ್ದಾರೆ.

ಗೋಡೆ ಅಂದೆ, ಅದರ ಕೆಲಸ ಸ್ವಲ್ಪ ಹತ್ತಿರದಿಂದ ನೋಡಬೇಕು. ಹಿಂದೆ ಎರಡು ಸಾಲು ಕಲ್ಲು ಇಟ್ಟು ನಡುವೆ ಮಣ್ಣು ತುಂಬಿ ಕಾಲಲ್ಲಿ ತುಳಿಯುತ್ತಿದ್ದರು. ಪದರ ಪದರ ತುಳಿಯಬೇಕು, ಆಳು ಜಾಸ್ತಿ ಬೇಕು. ಈಗ ಆಳು ಸಿಗುವುದಿಲ್ಲ, ಹಾಗಾಗಿ ಮರಳಿನ ಚೀಲ ಮತ್ತು ಪ್ಲಾಸ್ಟಿಕ್ ಹಾಳೆ ಬಂದಿವೆ. ಹಾಳೆಯನ್ನು ನೀರು ನಿಲ್ಲುವ ಬದಿಗೆ ಹಾಸುತ್ತಾರೆ. ನೀರಿನ ಭಾರವೇ ಅದನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ಈ ಒತ್ತಡ ಸಣ್ಣದಲ್ಲ. ಒಂದೂವರೆ ಮೀಟರ್ ನೀರು ನಿಂತರೆ ಗೋಡೆಯ ಪ್ರತಿ ಮೀಟರ್ ಅಗಲದ ಮೇಲೆ ಒಂದು ಟನ್ನಿಗೂ ಮಿಕ್ಕಿದ ತಳ್ಳು. ಆದರೂ ಕಟ್ಟ ಸೋರುವುದು ಹೆಚ್ಚಾಗಿ ನಡುವಿನಿಂದಲ್ಲ, ಅಡಿಯಿಂದ ಮತ್ತು ಎರಡು ದಡ ಸೇರುವ ಮೂಲೆಗಳಿಂದ. ಅನುಭವಸ್ಥರು ಹಾಳೆಯ ಅಂಚಿಗೆ ಸಣ್ಣ ಚರಂಡಿ ತೋಡಿ, ಅಂಚನ್ನು ಅದರೊಳಗೆ ಹೂತು ಮೇಲೆ ಜೇಡಿಮಣ್ಣು ಮೆತ್ತುವುದು ಅದಕ್ಕೇ.

ಈಗ ಒಂದು ಲೆಕ್ಕ. ಕಟ್ಟದ ಹಿಂದೆ 200 ಮೀಟರ್ ಉದ್ದ, 8 ಮೀಟರ್ ಅಗಲ, ಸರಾಸರಿ ಮುಕ್ಕಾಲು ಮೀಟರ್ ಆಳಕ್ಕೆ ನೀರು ನಿಂತಿದೆ ಅಂತಿಟ್ಟುಕೊಳ್ಳಿ. ಒಟ್ಟು 12 ಲಕ್ಷ ಲೀಟರ್. ಒಂದು ಅಡಿಕೆ ಮರಕ್ಕೆ ಹನಿ ನೀರಾವರಿಯಲ್ಲಿ ದಿನಕ್ಕೆ 20 ಲೀಟರ್, ಎಕರೆಗೆ 550 ಮರ. ಅಂದರೆ 11 ಸಾವಿರ ಲೀಟರ್. ಹತ್ತು ಎಕರೆ ತೋಟ ಇದನ್ನೇ ನಂಬಿದರೆ ಹನ್ನೊಂದು ದಿನಕ್ಕೆ ಕಟ್ಟ ಖಾಲಿ! ಸ್ಪ್ರಿಂಕ್ಲರ್ ಇಟ್ಟವರ ಕಥೆ ಕೇಳುವುದೇ ಬೇಡ.

ಹಾಗಾದರೆ ಕಟ್ಟದಿಂದ ಲಾಭ ಎಲ್ಲಿ? ಕಣ್ಣಿಗೆ ಕಾಣುವ ನೀರಲ್ಲಿ ಅಲ್ಲ. 1856ರಲ್ಲಿ ಫ್ರೆಂಚ್ ಎಂಜಿನಿಯರ್ ಆನ್ರಿ ಡಾರ್ಸಿ ಮರಳಿನ ಮೂಲಕ ನೀರು ಹಾಯಿಸಿ ಒಂದು ನಿಯಮ ಪ್ರಕಟಿಸಿದ. ಎರಡು ಜಾಗಗಳ ನೀರಿನ ಮಟ್ಟದಲ್ಲಿ ವ್ಯತ್ಯಾಸ ಜಾಸ್ತಿ ಇದ್ದಷ್ಟೂ ನಡುವಿನ ಮಣ್ಣಲ್ಲಿ ನೀರು ಜಾಸ್ತಿ ಸಾಗುತ್ತದೆ. ಗುಡ್ಡದೊಳಗಿನ ನೀರಿನ ಮಟ್ಟ ತೋಡಿಗಿಂತ ಮೂರು ಮೀಟರ್ ಮೇಲಿದೆ ಅನ್ನಿ. ಕಟ್ಟ ಹಾಕಿ ತೋಡನ್ನು ಒಂದೂವರೆ ಮೀಟರ್ ಏರಿಸಿದರೆ ವ್ಯತ್ಯಾಸ ಅರ್ಧಕ್ಕೆ ಇಳಿಯುತ್ತದೆ. ಗುಡ್ಡ ಬಸಿಯುವ ವೇಗವೂ ಮೊದಲಿಗೆ ಹೆಚ್ಚುಕಮ್ಮಿ ಅರ್ಧವಾಗುತ್ತದೆ. ಜನವರಿಗೇ ಹೋಗಿಬಿಡಬೇಕಿದ್ದ ನೀರು ಫೆಬ್ರವರಿ, ಮಾರ್ಚಿಗೆ ಉಳಿಯುತ್ತದೆ. ದಡದಾಚೆಯ ಬಾವಿಯಲ್ಲಿ ನೀರು ಏರುವುದೂ ಇದರಿಂದಲೇ. ಸೆಕೆಂಡಿಗೆ ಬರೀ ಒಂದು ಲೀಟರಿನ ಒರತೆ ಉಳಿದರೂ ದಿನಕ್ಕೆ 86,400 ಲೀಟರ್. ಏಳೆಂಟು ಎಕರೆಗೆ ಸಾಕು.

ಸಮಸ್ಯೆ ಇರುವುದು ಒಂಟಿ ಕಟ್ಟದಲ್ಲಿ. ಅದರ ಅಡಿಯಿಂದ, ಬದಿಯಿಂದ ಜಾರಿದ ನೀರು ಸ್ವಲ್ಪ ಕೆಳಗೆ ಮತ್ತೆ ತೋಡಿಗೆ ಬಂದು ಹೊರಟುಹೋಗುತ್ತದೆ. ಕೆಳಗಿನವನ ಕಟ್ಟದ ಹಿನ್ನೀರು ಮೇಲಿನವನ ಕಟ್ಟದ ಬುಡ ಮುಟ್ಟಿದರೆ ಸೋರಿಕೆ ತಗ್ಗುತ್ತದೆ, ಮೇಲಿನ ಗೋಡೆಗೂ ಆಸರೆ. ಆದ್ದರಿಂದ ಇದು ಒಬ್ಬರ ತೋಟದ ಕೆಲಸ ಆಗಲು ಸಾಧ್ಯವೇ ಇಲ್ಲ. ನೆರೆಯವನ ಜತೆ ಮಾತು ಬಿಟ್ಟವರಿಗೂ ತೋಡು ಒಂದೇ, ಏನು ಮಾಡುತ್ತೀರಿ?

ಸರಕಾರ ಇದೇ ತೋಡುಗಳಿಗೆ ಕಾಂಕ್ರೀಟಿನ ಕಿಂಡಿ ಅಣೆಕಟ್ಟು ಕಟ್ಟಿಕೊಡುತ್ತದೆ. ಒಳ್ಳೆಯದೇ. ಆದರೆ ಸಕಾಲಕ್ಕೆ ಕಂಬಗಳ ನಡುವಿನ ಕಿಂಡಿಗೆ ಎರಡು ಸಾಲು ಹಲಗೆ ಹಾಕಿ ನಡುವೆ ಮಣ್ಣು ತುಂಬುವವರು ಇಲ್ಲದಿದ್ದರೆ ಅದು ಸುಮ್ನೆ ಕಂಬಗಳ ಸಾಲು. ನನ್ನ ಪ್ರಕಾರ ಹತ್ತು ಹೊಸ ಅಣೆಕಟ್ಟಿಗಿಂತ ಹಲಗೆ ಹಾಕುವ ಒಂದು ಗಟ್ಟಿ ಸಮಿತಿ ಮೇಲು. ಮುಂಗಾರಿಗೆ ಮೊದಲು ಬಿಚ್ಚುವುದೂ ಅಷ್ಟೇ ಮುಖ್ಯ. ಬಿಚ್ಚದಿದ್ದರೆ ನೆರೆ ನೀರು ದಡ ಕೊರೆದು ಪಕ್ಕದ ತೋಟಕ್ಕೆ ನುಗ್ಗುತ್ತದೆ. ಸಮಯಕ್ಕೆ ಬಿಚ್ಚಿದರೆ ಹೂಳು ಕೊಚ್ಚಿಹೋಗುತ್ತದೆ, ಹೊಸ ನೀರಿಗೆ ಮೇಲೇರುವ ಮೀನಿಗೂ ದಾರಿ. ಹರಿದ ಪ್ಲಾಸ್ಟಿಕ್ ಮಾತ್ರ ಹೊಳೆ ಪಾಲಾಗದಂತೆ ನೋಡಿಕೊಳ್ಳಬೇಕು. ಈ ವಿಷಯದಲ್ಲಿ ಹಳೇ ಮಣ್ಣಿನ ಕಟ್ಟವೇ ವಾಸಿ.

ಹೊಸದಾಗಿ ಶುರು ಮಾಡುವ ಗುಂಪು ಕಟ್ಟದಿಂದ ಎಷ್ಟು ಲಾಭ ಆಯಿತೆಂದು ತಿಳಿಯಲು ಒಂದು ಹಗ್ಗ, ಒಂದು ನೋಟ್‌ಬುಕ್ ಇಟ್ಟುಕೊಳ್ಳಲಿ. ತೋಡಿನ ಪಕ್ಕದ ಒಂದು ಬಾವಿ, ಕಟ್ಟದ ಪ್ರಭಾವ ತಲುಪದಷ್ಟು ದೂರದ ಇನ್ನೊಂದು ಬಾವಿ ಆರಿಸಿ, ಪ್ರತಿ ವಾರ ಬಾವಿಕಟ್ಟೆಯಿಂದ ನೀರು ಎಷ್ಟು ಕೆಳಗಿದೆ ಎಂದು ಅಳೆದು ಬರೆಯಬೇಕು. ಬೆಳಗ್ಗೆ ಪಂಪು ಹಾಕುವ ಮೊದಲೇ ಅಳೆಯಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಕಟ್ಟ ಹಾಕುವ ಹಿಂದಿನ ವರ್ಷದ ಅಳತೆಯೂ ಕೈಯಲ್ಲಿದ್ದರೆ ಇನ್ನೂ ಒಳ್ಳೆಯದು.