ಬಲಕ್ಕೆ ನೆಲ, ಎಡಕ್ಕೆ ಕಡಲು: ನಾರ್ವೆಯ ದಿಕ್ಕುಗಳಿಗೆ ಹೆಸರು ಬಂದ ಬಗೆ

ನಾರ್ವೆಯಲ್ಲಿ ದಿಕ್ಕಿನ ಹೆಸರು ಬರೆದರೂ ಪಕ್ಷ ವಹಿಸಿದಂತಾಗುತ್ತದೆ. ಅಲ್ಲಿನ ಭಾಷೆಗೆ ಎರಡು ಬರಹರೂಪಗಳು: ಡ್ಯಾನಿಷ್ ಮೂಲದ ಬೂಕ್ಮೋಲ್, ಆಡುಮಾತುಗಳಿಂದ ಕಟ್ಟಿದ ನ್ಯೂನೋರ್ಸ್ಕ್. ಪೂರ್ವಕ್ಕೆ ಬೂಕ್ಮೋಲ್ ಬರವಣಿಗೆಯಲ್ಲಿ ಸಾಮಾನ್ಯವಾಗಿ ‘ಓಸ್ಟ್’, ನ್ಯೂನೋರ್ಸ್ಕ್‌ನಲ್ಲಿ ‘ಔಸ್ಟ್’. ದಕ್ಷಿಣಕ್ಕೆ ‘ಸೋರ್’ ಎನ್ನುವವರೇ ಹೆಚ್ಚು. ‘ಸ್ಯೂಡ್’ ಬಿಡದವರೂ ಇದ್ದಾರೆ.

ಬೇರುಗಳ ಬಗ್ಗೆ ಅಷ್ಟು ತಕರಾರಿಲ್ಲ. ‘ಔಸ್ಟ್’ ನಮ್ಮ ಉಷಸ್ಸಿನ ದೂರದ ನೆಂಟ. ‘ವೆಸ್ಟ್’ ಸಂಜೆಯ ಬಳಗದ್ದು, ‘ಸೋರ್’ ಸೂರ್ಯನ ಕಡೆಯದು. ಉತ್ತರವನ್ನು ಸೂಚಿಸುವ ‘ನೂರ್’ ಮೂಲದಲ್ಲಿ ‘ಎಡ’ ಎಂಬ ಅರ್ಥದ್ದಿರಬೇಕು. ಮೂಡಣಕ್ಕೆ ಮುಖ ಮಾಡಿದವನ ಎಡ. ‘ದಕ್ಷಿಣ’ ಬಲಗೈಯ ಕಡೆಯಾದದ್ದೂ ಇದೇ ಲೆಕ್ಕದಲ್ಲಿ.

ನಿಜವಾದ ಸ್ವಾರಸ್ಯ ಇರುವುದು ಮೂಲೆಗಳಲ್ಲಿ. ಇಂದಿನ ನಾರ್ವೇಜಿಯನ್ನಿನ ಪೂರ್ವಜವಾದ ಹಳೆಯ ನಾರ್ಸ್ ಭಾಷೆಯಲ್ಲಿ ಈಶಾನ್ಯವೆಂದರೆ ‘ನೆಲದ ಉತ್ತರ’, ಆಗ್ನೇಯ ‘ನೆಲದ ದಕ್ಷಿಣ’. ವಾಯವ್ಯ ‘ಹೊರಗಿನ ಉತ್ತರ’, ನೈಋತ್ಯ ‘ಹೊರಗಿನ ದಕ್ಷಿಣ’. ಹೊರಗು ಎಂದರೆ ಕಡಲು. ನಾರ್ವೆಯ ಪಶ್ಚಿಮ ಕರಾವಳಿಯಲ್ಲಿ ದೋಣಿ ನಡೆಸುವವನಿಗೆ ಇದಕ್ಕಿಂತ ಸಲೀಸಾದ ಲೆಕ್ಕ ಬೇಕೇ? ಒಂಬತ್ತನೇ ಶತಮಾನದ ಕೊನೆಗೆ ಒಟ್ಟಾರ್ ಎಂಬ ನಾರ್ವೆಯವನು ಇಂಗ್ಲೆಂಡಿನ ದೊರೆ ಆಲ್ಫ್ರೆಡ್‌ಗೆ ತನ್ನ ಉತ್ತರ ಯಾನವನ್ನು ವಿವರಿಸಿದ್ದೂ ಹೀಗೆಯೇ: ಮೂರು ದಿನ ಬಲಕ್ಕೆ ಪಾಳು ನೆಲ, ಎಡಕ್ಕೆ ತೆರೆದ ಕಡಲು. ಅವನ ಹಡಗಿನಲ್ಲಿ ಕಾಂತಸೂಜಿ ಇರಲಿಲ್ಲ.

ವಲಸಿಗರು ಈ ಹೆಸರುಗಳನ್ನು ಐಸ್‌ಲ್ಯಾಂಡಿಗೂ ಹೊತ್ತೊಯ್ದರು. ಅಲ್ಲಿನ ಪೂರ್ವ ಕರಾವಳಿಯಲ್ಲಿ ‘ನೆಲದ ಉತ್ತರ’ಕ್ಕೆ ನೋಡಿದರೆ ಕಾಣುವುದು ಬರೀ ನೀರು! ಆದರೂ ಹೆಸರು ಬದಲಾಗಲಿಲ್ಲ. ನಾರ್ವೆಯ ಕರಾವಳಿ ಮಾತಿನಲ್ಲಿ ಆಗ್ನೇಯ ಗಾಳಿಗೆ ‘ಲಾಂಡ್‌ಸುನ್ನಿಂಗ್’ ಎಂಬ ಹೆಸರಾಗಿ ಈ ಪದ್ಧತಿ ಉಳಿದುಕೊಂಡಿತು.

ಡೆನ್ಮಾರ್ಕಿನ ಜೊತೆಗಿನ ಶತಮಾನಗಳ ಒಕ್ಕೂಟ 1814ರಲ್ಲಿ ಮುಗಿದಾಗ ಬರವಣಿಗೆ ಪೂರ್ತಿ ಡ್ಯಾನಿಷ್ ಆಗಿತ್ತು. ಭಾಷಾತಜ್ಞ ಇವಾರ್ ಆಸೆನ್ ನಾರ್ವೆಯ ಆಡುಮಾತುಗಳನ್ನು ಕಲೆಹಾಕಿ 1850ರಲ್ಲಿ ನಿಘಂಟು ತಂದರು; 1885ರಲ್ಲಿ ಡ್ಯಾನಿಷ್ ಮೂಲದ ಬರಹಕ್ಕೂ ಆಸೆನ್ ಕಟ್ಟಿದ ಬರಹಕ್ಕೂ ಸಮಾನ ಮಾನ್ಯತೆ ಸಿಕ್ಕಿತು. ಅಲ್ಲಿಂದಾಚೆ ದಿಕ್ಕಿನ ಹೆಸರುಗಳ ಜಗಳವೆಲ್ಲ ‘ಔಸ್ಟೋ ಓಸ್ಟೋ’ ಎಂಬಷ್ಟಕ್ಕೇ ನಿಂತಿತು. ದೇಸಿತನದ ಮಾತು ಅಷ್ಟು ಜೋರಾಗಿದ್ದ ಕಾಲದಲ್ಲೂ ಮೂಲೆಗಳಿಗೆ ಬಳಕೆಗೆ ಬಂದದ್ದು ಉತ್ತರ–ಪೂರ್ವ ಎಂದು ಎರಡನ್ನು ಹೊಲಿದ ನೀರಸ ಜೋಡಿಪದಗಳೇ.

1919ರಲ್ಲಿ ಜಿಲ್ಲೆಗಳಿಗೆ ಹೊಸ ಹೆಸರಿಟ್ಟಾಗ ಒಂದು ‘ಓಸ್ಟ್‌ಫೋಲ್ಡ್’ ಆಯಿತು, ಇನ್ನೊಂದು ‘ಔಸ್ಟ್-ಆಗ್ಡರ್’. ಎರಡೂ ಪೂರ್ವವೇ. 2020ರಲ್ಲಿ ಎರಡನೆಯದು ಪಶ್ಚಿಮ ಆಗ್ಡರ್ ಜೊತೆ ಸೇರಿ ಬರೀ ‘ಆಗ್ಡರ್’ ಆಯಿತು. ‘ಸ್ಯೂಡ್’ ಮಾತ್ರ ಒಂದು ಕಡೆ ಅಲುಗಾಡದೆ ಕೂತಿದೆ: ನಾರ್ವೆಯ ದಕ್ಷಿಣ ತೀರಕ್ಕೆ ‘ಸೋರ್‌ಲಾಂಡ್’ ಎನ್ನುವವರೂ ಬಿಸಿಲು ಕಾಯಲು ಸ್ಪೇನ್, ಗ್ರೀಸಿಗೆ ಹೊರಟಾಗ ‘ಸ್ಯೂಡೆನ್‌ಗೆ ಹೋಗುತ್ತೇವೆ’ ಎಂದೇ ಹೇಳುತ್ತಾರೆ.