ಸೈಲೆಂಟ್ ಹಿಲ್‌ನ ಮಂಜು ಎಲ್ಲಿಂದ ಬಂತು?

ಮಳೆಗಾಲದಲ್ಲಿ ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತಿದವರಿಗೆ ಮಂಜಿನ ಬಗ್ಗೆ ಹೇಳಿಕೊಡಬೇಕಾಗಿಲ್ಲ. ಈ ತಿರುವು ಕಾಣುತ್ತದೆ, ಮುಂದಿನದು ಕಾಣುವುದಿಲ್ಲ. ಎದುರಿನಿಂದ ಬಸ್ಸು ಬರುತ್ತಿದೆಯೋ ಇಲ್ಲವೋ ಅಂತ ಕಿವಿಯಲ್ಲೇ ತಿಳಿಯಬೇಕು. ಮಂಗಳೂರಿನ ಹಂಪನಕಟ್ಟೆ ಹತ್ತಿರದ ಒಂದು ಗೇಮ್ ಪಾರ್ಲರ್‌ನಲ್ಲಿ, ಗಂಟೆಗಿಷ್ಟು ಅಂತ ದುಡ್ಡು ಕೊಟ್ಟು ಮೊದಲ ಸಲ ಸೈಲೆಂಟ್ ಹಿಲ್ ಅನ್ನುವ ಹೆದರಿಸುವ ವಿಡಿಯೊ ಗೇಮ್ ಆಡಿದಾಗ ನನಗೆ ನೆನಪಾದದ್ದು ಆ ಘಾಟಿಯೇ.

2025ರ ಸೆಪ್ಟೆಂಬರ್ 25ರಂದು ಈ ಸರಣಿಯ ಹೊಸ ಗೇಮ್ 'ಸೈಲೆಂಟ್ ಹಿಲ್ ಎಫ್' ಬಂತು. ಉಡುಪಿಯ ಗೆಳೆಯರು ಈಗಲೂ ಕೇಳುತ್ತಾರೆ: 'ಹೇಗಿದೆ ಮಾರಾಯ, ತಗೊಳ್ಬಹುದಾ?' ಒಂದೇ ಮಾತಲ್ಲಿ ಉತ್ತರ ಹೇಳುವುದು ಕಷ್ಟ. ಮೊದಲು ಆ ಮಂಜಿನ ಕಥೆ ಹೇಳಬೇಕು.

1996ರಲ್ಲಿ ಕ್ಯಾಪ್‌ಕಾಮ್ ಕಂಪನಿಯ ರೆಸಿಡೆಂಟ್ ಈವಿಲ್ ಬಂದಾಗ ಅದರ ಕೋಣೆಗಳೆಲ್ಲ ಮೊದಲೇ ಮಾಡಿಟ್ಟ ಚಿತ್ರಗಳು. ನಾಟಕದ ಪರದೆ ಮುಂದೆ ನಟ ಓಡಾಡುವ ಹಾಗೆ ಪಾತ್ರಗಳು ಆ ಚಿತ್ರದ ಮುಂದೆ ಓಡಾಡುತ್ತಿದ್ದವು. ಕೊನಾಮಿ ಅನ್ನುವ ಇನ್ನೊಂದು ಕಂಪನಿಯಲ್ಲಿ ಸೈಲೆಂಟ್ ಹಿಲ್ ಮಾಡುತ್ತಿದ್ದ ಕೀಚಿರೊ ತೊಯಾಮ ನಿರ್ದೇಶನದ ತಂಡ ಬೇರೆ ದಾರಿ ಹಿಡಿಯಿತು. ಸೈಲೆಂಟ್ ಹಿಲ್ ಅನ್ನುವ ಇಡೀ ಊರನ್ನೇ ತ್ರೀಡಿಯಲ್ಲಿ ಕಟ್ಟಿ, ಆಡುವವನು ಬೀದಿಬೀದಿ ಸುತ್ತಬೇಕು ಅಂತ ಹೊರಟಿತು. ಆದರೆ ಆಗಿನ ಪ್ಲೇಸ್ಟೇಷನ್‌ನ ಮುಖ್ಯ ಮೆಮೊರಿ ಬರೀ 2 ಎಂಬಿ. ಇವತ್ತು ಮೊಬೈಲ್‌ನಲ್ಲಿ ತೆಗೆದ ಒಂದು ಫೋಟೊ ಅದಕ್ಕಿಂತ ದೊಡ್ಡದಿರುತ್ತದೆ. ದೂರದ ಮನೆ, ಮರ ಎಲ್ಲ ಒಟ್ಟಿಗೆ ತೋರಿಸುವ ಶಕ್ತಿ ಆ ಯಂತ್ರಕ್ಕಿರಲಿಲ್ಲ. ಅದಕ್ಕೇ ನಾಲ್ಕು ಹೆಜ್ಜೆ ಆಚೆಗಿನದನ್ನೆಲ್ಲ ಮಂಜಿನಿಂದ, ಕತ್ತಲೆಯಿಂದ ಮುಚ್ಚಿದರು.

ಕೊರತೆ ಮುಚ್ಚಲು ಹಾಕಿದ ಪರದೆಯೇ ಹೆದರಿಕೆಯ ಬೇರಾಯಿತು. 1999ರ ಆ ಮೊದಲ ಗೇಮ್‌ನಲ್ಲಿ ಹ್ಯಾರಿ ಮೇಸನ್ ಕಳೆದುಹೋದ ಮಗಳನ್ನು ಹುಡುಕುತ್ತಾನೆ. ಅವನ ಜೇಬಿನಲ್ಲಿ ಒಂದು ಸಣ್ಣ ರೇಡಿಯೊ. ಭೂತದಂಥ ಪ್ರಾಣಿ ಹತ್ತಿರ ಬಂದರೆ ಅದು ಕರಕರ ಅನ್ನುತ್ತದೆ. ಕಣ್ಣಿಗೆ ಏನೂ ಇಲ್ಲ, ಕಿವಿಗೆ ಮಾತ್ರ ಗೊತ್ತು. ಅಕಿರಾ ಯಮವೊಕ ಮಾಡಿದ ತಗಡು ಕೆರೆದಂಥ ಸದ್ದುಗಳು ಉಳಿದ ಕೆಲಸ ಮಾಡಿದವು.

2001ರಲ್ಲಿ ಎರಡನೇ ಭಾಗ ಬಂತು, ಪ್ಲೇಸ್ಟೇಷನ್ 2ಕ್ಕೆ. ಯಂತ್ರದ ಶಕ್ತಿ ಎಷ್ಟೋ ಜಾಸ್ತಿಯಾಗಿತ್ತು. ಆದರೂ ಮಂಜು ತೆಗೆಯಲಿಲ್ಲ. ಇದು ನನಗೆ ತುಂಬ ಮುಖ್ಯ ಅನಿಸುತ್ತದೆ. ಸತ್ತ ಹೆಂಡತಿಯಿಂದ ಪತ್ರ ಬಂತು ಅಂತ ಊರಿಗೆ ಬರುವ ಜೇಮ್ಸ್ ತನ್ನಿಂದ ತಾನೇ ಏನನ್ನೋ ಮುಚ್ಚಿಟ್ಟುಕೊಂಡಿದ್ದಾನೆ. ಊರಿನ ಮಂಜು ಅವನ ಮನಸ್ಸಿನದೇ ಆಯಿತು. ಪಿರಮಿಡ್ ಹೆಡ್ ಅನ್ನುವ ದೈತ್ಯ ಕೂಡ ಅಷ್ಟೇ. ತನಗೆ ಶಿಕ್ಷೆ ಆಗಬೇಕು ಅನ್ನುವ ಜೇಮ್ಸ್‌ನ ಒಳಗಿನ ಆಸೆಯೇ ಆ ರೂಪದಲ್ಲಿ ಬರುತ್ತದೆ.

2004ರ ನಾಲ್ಕನೇ ಭಾಗದ ನಂತರ ಜಪಾನಿನ ಆ ತಂಡ ಚದುರಿತು. ಗೇಮ್‌ಗಳು ಬ್ರಿಟನ್, ಅಮೆರಿಕ, ಜೆಕ್ ದೇಶದ ಸ್ಟುಡಿಯೊಗಳಿಗೆ ಹೋದವು. 2008ರ 'ಹೋಮ್‌ಕಮಿಂಗ್'ನಲ್ಲಿ ಜೇಮ್ಸ್ ಇಲ್ಲ, ಆದರೂ ಪಿರಮಿಡ್ ಹೆಡ್ ಬಂದ. ಯಾಕೆ ಬಂದ? ಹೆಸರು ಮಾಡಿದ್ದ, ಅದಕ್ಕೆ ಬಂದ. ನೋಡಿ ಬೇಜಾರಾಯಿತು.

ಇದಕ್ಕಿಂತ ದೊಡ್ಡ ಪಾಠ 2012ರಲ್ಲಿ ಸಿಕ್ಕಿತು. ಎರಡನೇ, ಮೂರನೇ ಭಾಗಗಳನ್ನು ಹೊಸ ಟಿವಿಗಳಿಗೆ ತಕ್ಕಂತೆ 'ಎಚ್‌ಡಿ ಕಲೆಕ್ಷನ್' ಅಂತ ತಂದರು. ಮೂಲ ಗೇಮ್‌ನ ಕೊನೆಯ ಕೋಡ್ ಉಳಿಸಿಟ್ಟಿರಲಿಲ್ಲ. ಅರ್ಧಂಬರ್ಧ ಕೋಡ್ ಇಟ್ಟುಕೊಂಡೇ ಕೆಲಸ ಮಾಡಬೇಕಾಯಿತು. ಮಂಜು ತೆಳುವಾಯಿತು. ಜೇಮ್ಸ್ ದೋಣಿಯಲ್ಲಿ ಸರೋವರ ದಾಟುವಾಗ, ನೀರು ಒಂದು ಕಡೆ ಕತ್ತರಿಸಿಟ್ಟ ಹಾಗೆ ಮುಗಿಯುವುದು ಕಂಡಿತು. ಅದರಾಚೆ ಏನೂ ಇಲ್ಲ. ಜಗತ್ತು ಮುಗಿಯುವ ಜಾಗ ಕಣ್ಣಿಗೆ ಬಿದ್ದ ಮೇಲೆ ಹೆದರಿಕೆ ಎಲ್ಲಿಂದ ಬರಬೇಕು, ಅಲ್ವಾ?

ಹಾಗಾಗಿ ಈ ಸರಣಿಯ ಯಾವ ಹೊಸ ಗೇಮ್ ಬಂದರೂ ನಾನು ನೋಡುವುದು ಒಂದೇ: ಇದು ಏನನ್ನು ಮುಚ್ಚಿಡುತ್ತದೆ? ಹೊಸ ಸೈಲೆಂಟ್ ಹಿಲ್‌ನ ರುಚಿ ತೋರಿಸಲು 2014ರಲ್ಲಿ ಬಂದ 'ಪಿ.ಟಿ.' ಡೆಮೊ ಮನೆಯೊಳಗಿನ ಒಂದೇ ಕಾರಿಡಾರನ್ನು ಮತ್ತೆ ಮತ್ತೆ ತೋರಿಸಿಯೇ ನಡುಗಿಸಿತು. ಮರುವರ್ಷ ಅದನ್ನು ಪ್ಲೇಸ್ಟೇಷನ್‌ನ ಆನ್‌ಲೈನ್ ಸ್ಟೋರ್‌ನಿಂದ ತೆಗೆದರು. 2024ರಲ್ಲಿ ಪೋಲೆಂಡಿನ ಬ್ಲೂಬರ್ ಟೀಮ್ ಎರಡನೇ ಭಾಗವನ್ನು ಹೊಸದಾಗಿ ಮಾಡಿ, ಆ ದಟ್ಟ ಮಂಜನ್ನು ವಾಪಸ್ ತಂದಿತು.

ಇನ್ನು 'ಎಫ್'. ಸರಣಿಯ ಮುಖ್ಯ ಕಥೆ ಮೊದಲ ಬಾರಿ ಜಪಾನಿನಲ್ಲೇ ನಡೆಯುತ್ತದೆ, 1960ರ ದಶಕದ ಎಬಿಸುಗವೊಕ ಅನ್ನುವ ಕಾಲ್ಪನಿಕ ಊರಿನಲ್ಲಿ. ಗಿಫು ಪ್ರಾಂತ್ಯದ ಕನಯಾಮ ಅದಕ್ಕೆ ಮಾದರಿ. ಕಥೆ ಬರೆದವರು ರ್‍ಯೂಕಿಶಿ07 ಅನ್ನುವ ಹೆಸರಿನಲ್ಲಿ ಬರೆಯುವ ಜಪಾನಿ ಲೇಖಕ. ನಾಯಕಿ ಹಿನಾಕೊ ಹೈಸ್ಕೂಲು ಹುಡುಗಿ. ಬಂದೂಕು ಇಲ್ಲ. ಪೈಪು, ಕುಡುಗೋಲು, ಕೊಡಲಿ, ಅವೂ ಬಳಸುತ್ತಾ ಬಳಸುತ್ತಾ ಮುರಿಯುತ್ತವೆ.

ನಮ್ಮ ಕಡೆಯವರಿಗೆ ಈ ಊರು ಬೇಗ ಹತ್ತಿರವಾಗುತ್ತದೆ. ಗದ್ದೆ ಬದಿಯಲ್ಲಿ, ಓಣಿಯ ತಿರುವಿನಲ್ಲಿ ಹೊಕೊರಾ ಅನ್ನುವ ಪುಟ್ಟ ಗುಡಿಗಳಿವೆ. ಗೇಮ್ ಸೇವ್ ಮಾಡುವುದು ಅಲ್ಲೇ. ಕೈಯಲ್ಲಿರುವ ತಿಂಡಿ, ಔಷಧಿ ಅಲ್ಲಿ ಅರ್ಪಿಸಿದರೆ ಹಿನಾಕೊಗೆ ಬಲ ಬರುತ್ತದೆ. ಔಷಧಿ ನನಗೇ ಬೇಕಾ, ಗುಡಿಗೆ ಕೊಡಲಾ? ನಾಗಬನದ ಎದುರು ಹಾದು ಹೋಗುವಾಗ ತಾನಾಗಿಯೇ ಕೈ ಎದೆಗೆ ಹೋಗುವವರಿಗೆ ಇದು ಬರೀ ಲೆಕ್ಕಾಚಾರ ಅನಿಸುವುದಿಲ್ಲ.

ತೊಂದರೆ ಇರುವುದು ಹೊಡೆದಾಟದಲ್ಲಿ. ಗೇಮ್‌ನ ಶುರುವಿನಲ್ಲಿ ಓಡಿ ತಪ್ಪಿಸಿಕೊಳ್ಳಬಹುದು, ಅದು ಚೆನ್ನಾಗಿದೆ. ಮುಂದೆ ಹೋದಂತೆ ಫೈಟ್ ಜಾಸ್ತಿ. ತಪ್ಪಿಸಿಕೋ, ಸಮಯ ನೋಡಿ ತಿರುಗಿ ಹೊಡಿ. ಒಂದೇ ಪ್ರಾಣಿಯನ್ನು ಹತ್ತು ಸಲ ಹತ್ತಿರದಿಂದ ಹೊಡೆದರೆ ಅದರ ಪ್ರತಿ ಚಲನೆ ಬಾಯಿಪಾಠವಾಗುತ್ತದೆ. ಹಿನಾಕೊ ನಡುನಡುವೆ ಹೋಗಿ ಸೇರುವ ಕತ್ತಲ ಗುಡಿಯ ಇನ್ನೊಂದು ಲೋಕದಲ್ಲಿ ಆಯುಧ ಮುರಿಯುವುದೂ ಇಲ್ಲ. ಅಲ್ಲಿ ನನಗೆ ಹೆದರಿಕೆ ಹೋಗಿ ಬರೀ ಸುಸ್ತು ಉಳಿಯಿತು. ಮೊದಲ ಸಲ ಆಡುವವರು ಹೊಡೆದಾಟವನ್ನು 'ಸ್ಟೋರಿ' ಮಟ್ಟದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಆದರೂ ಗೇಮ್ ತಗೊಳ್ಳಿ ಅಂತಲೇ ಹೇಳುತ್ತೇನೆ. ಯಾಕಂದ್ರೆ ಮಂಜು ಈ ಸಲ ಕಥೆಯೊಳಗೆ ಇಳಿದಿದೆ. ಒಟ್ಟು ಐದು ಎಂಡಿಂಗ್ ಇವೆ. ಮೊದಲ ಸಲ ಎಲ್ಲರಿಗೂ ಸಿಗುವುದು ಒಂದೇ, ಅದು ಎಲ್ಲವನ್ನೂ ಹೇಳುವುದಿಲ್ಲ. ಎರಡನೇ ಸಲ ಆಡುವಾಗ ಹೊಸ ದೃಶ್ಯ, ಹೊಸ ಚೀಟಿಗಳು ಸಿಗುತ್ತವೆ. ಹಿನಾಕೊ ಮನೆಯಲ್ಲಿ ಏನಾಗಿತ್ತು, ಮದುವೆ ಅನ್ನುವ ಮಾತು ಅವಳಿಗೆ ಯಾಕಷ್ಟು ಭಾರ ಅನ್ನುವುದು ಆಗ ಒಂದೊಂದಾಗಿ ಕಾಣುತ್ತದೆ. ಗೇಮ್ ಶುರುವಾಗುವುದು ಅಪ್ಪನ ಕೂಗಾಟದಿಂದ, ಹಿನಾಕೊ ಮನೆ ಬಿಟ್ಟು ಹೊರಗೆ ನಡೆಯುವುದರಿಂದ. ಮೊದಲ ಸಲ ನಾನು ಆ ದೃಶ್ಯವನ್ನು ಬೇಗ ದಾಟಿದ್ದೆ. ಎರಡನೇ ಸಲ ಅದು ಬಂದಾಗ ಕಂಟ್ರೋಲರ್ ಕೆಳಗಿಟ್ಟು ಅವಳ ತಾಯಿಯನ್ನೇ ನೋಡುತ್ತಾ ಕೂತೆ.